ಸೀಟು ಸಿಕ್ಕಿದ ಮೇಲಿನ ಐದೂವರೆ ವರ್ಷ

ನೀಟ್ ಫಲಿತಾಂಶ ಬಂದ ಕೂಡಲೇ ನಮ್ಮ ಊರುಗಳ ಜಂಕ್ಷನ್‌ಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಒಳ್ಳೆಯ ಅಂಕ ತೆಗೆದ ಮಕ್ಕಳ ಫೋಟೊ, ಕೆಳಗೆ ಜಮಾಅತ್ ಕಮಿಟಿಯ ಅಭಿನಂದನೆ. ಜುಮಾ ಕಳೆದ ಮೇಲೆ ಮದ್ರಸದ ಹಾಲ್‌ನಲ್ಲಿ ಶಾಲು ಹೊದಿಸಿ ಸನ್ಮಾನ. ಸಂತೋಷದ ವಿಷಯವೇ, ಅಲ್‌ಹಮ್ದುಲಿಲ್ಲಾಹ್. ನಾವು ಸಣ್ಣವರಿರುವಾಗ ಒಂದು ಮೊಹಲ್ಲಾದಿಂದ ಒಬ್ಬ ಡಾಕ್ಟರ್ ಆಗುವುದೇ ದೊಡ್ಡ ಸುದ್ದಿ. ಈಗ ಬೀಡಿ ಕಟ್ಟುವ ಮನೆಯಿಂದ, ಆಟೊ ಓಡಿಸುವವರ ಮನೆಯಿಂದಲೂ ಮಕ್ಕಳು ಎಂಬಿಬಿಎಸ್‌ಗೆ ಹೋಗುತ್ತಿದ್ದಾರೆ. ಅದರಲ್ಲೂ ಹೆಣ್ಣು ಮಕ್ಕಳು ಮುಂದೆ ಇದ್ದಾರೆ.

ಆದರೆ ಸನ್ಮಾನ ಮುಗಿದ ಮೇಲೆ ಆ ಮಗು ಎಂತ ಮಾಡುತ್ತದೆ, ಎಷ್ಟು ಗಂಟೆಗೆ ಏಳುತ್ತದೆ, ಎಂತ ಓದುತ್ತದೆ, ಎಲ್ಲಿ ಎಡವುತ್ತದೆ ಎಂಬುದು ನಮಗೆ ಗೊತ್ತಿಲ್ಲ. ಮದುವೆ ಮನೆಯಲ್ಲಿ ಸಿಕ್ಕಿದರೆ ನಾವು ಕೇಳುವುದು ಎರಡೇ ಪ್ರಶ್ನೆ. "ಇನ್ನು ಎಷ್ಟು ವರ್ಷ ಉಂಟು?" ಮತ್ತೆ, "ನನ್ನ ಸೊಂಟನೋವಿಗೆ ಯಾವ ಮಾತ್ರೆ ಒಳ್ಳೆಯದು?"

ಮದ್ರಸದಲ್ಲಿ ನನ್ನ ಹತ್ತಿರ ಕಲಿತ ಇಬ್ಬರು ಮಕ್ಕಳು ಈಗ ಮೆಡಿಕಲ್ ಓದುತ್ತಿದ್ದಾರೆ. ಒಬ್ಬಳು ಹುಡುಗಿ, ಮೂರನೇ ವರ್ಷ, ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುವವಳು. ಇನ್ನೊಬ್ಬ ಹುಡುಗ, ಎರಡನೇ ವರ್ಷ, ಹಾಸ್ಟೆಲ್‌ನಲ್ಲಿರುವವನು. ಇಬ್ಬರ ಮನೆಗೂ ಹೋಗಿ, ತಂದೆ ತಾಯಿಯ ಎದುರಲ್ಲೇ ಕೂತು ಮಾತಾಡಿದೆ. "ಬರೆಯಿರಿ ಉಸ್ತಾದ್, ಹೆಸರು ಮಾತ್ರ ಹಾಕಬೇಡಿ" ಎಂದರು. ಹಾಗೆಯೇ ಬರೆಯುತ್ತಿದ್ದೇನೆ.

ಎಷ್ಟು ಓದಲಿಕ್ಕುಂಟು?

ನಮ್ಮ ಮಂಗಳೂರಿಗೆ ವೈದ್ಯಕೀಯ ಶಿಕ್ಷಣ ಹೊಸದಲ್ಲ. ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದದ್ದು 1953ರಲ್ಲಿ. ಸರಕಾರಿ ವೆನ್ಲಾಕ್ ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳನ್ನು ನೋಡಿ ಕಲಿತ ಡಾಕ್ಟರರು ಇಂದು ಲೋಕದ ತುಂಬಾ ಇದ್ದಾರೆ. 1999ರಲ್ಲಿ ದೇರಳಕಟ್ಟೆಯಲ್ಲಿ ಯೆನೆಪೋಯ ಮತ್ತು ಕೆ.ಎಸ್. ಹೆಗ್ಡೆ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಮೆಡಿಕಲ್ ಕಾಲೇಜುಗಳು ಬಂದವು. ಆಮೇಲೆ ಎ.ಜೆ., ನಾಟೆಕಲ್‌ನ ಕಣಚೂರು. ಇವುಗಳಲ್ಲಿ ಯೆನೆಪೋಯ ಮತ್ತು ಕಣಚೂರು ನಮ್ಮ ಬ್ಯಾರಿಗಳೇ ಕಟ್ಟಿದ ಕಾಲೇಜುಗಳು. ಇಷ್ಟೆಲ್ಲ ಕಾಲೇಜು ಮನೆಯ ಹತ್ತಿರವೇ ಇದ್ದರೂ ಒಳಗೆ ನಡೆಯುವ ಓದು ನಮಗೆ ದೂರವೇ.

ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಮೊದಲು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಅಂದರೆ ದೇಹದ ರಚನೆ, ಅದರ ಕೆಲಸ, ಅದರೊಳಗಿನ ರಸಾಯನ. ನಂತರ ರೋಗದ ಸ್ವಭಾವ, ರೋಗಾಣುಗಳು, ಔಷಧಗಳು. ಆಮೇಲೆ ಸಮುದಾಯ ಆರೋಗ್ಯ, ನ್ಯಾಯ ವೈದ್ಯಶಾಸ್ತ್ರ, ಕೊನೆಗೆ ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳ ಚಿಕಿತ್ಸೆ. ಥಿಯರಿ ಕ್ಲಾಸಿಗೆ ನೂರಕ್ಕೆ 75, ಪ್ರಾಕ್ಟಿಕಲ್‌ಗೆ 80 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮೊದಲ ವರ್ಷದ ಪರೀಕ್ಷೆ ಪಾಸಾಗಲು ಇರುವುದು ನಾಲ್ಕೇ ಅವಕಾಶ. ಆದ್ದರಿಂದ "ಮಾವನ ಮಗಳ ಮದುವೆ, ಮೂರು ದಿನ ರಜೆ ಹಾಕು" ಎಂದು ಮನೆಯವರು ಒತ್ತಾಯಿಸುವಾಗ ಆ ಮಗು ಮುಖ ಸಣ್ಣ ಮಾಡುವುದಕ್ಕೆ ಕಾರಣ ಉಂಟು.

ಮೊದಲ ವರ್ಷ ಎಲ್ಲರಿಗೂ ನೆನಪಿರುವುದು ಶವ ಕೊಯ್ಯುವ ಹಾಲ್. ಅಲ್ಲಿ ಮಲಗಿರುವ ದೇಹವನ್ನು ವಿದ್ಯಾರ್ಥಿಯ ಮೊದಲ ಗುರು ಎಂದು ಕರೆಯುತ್ತಾರೆ. ಅದರ ಮುಂದೆ ನಿಂತು ಗೌರವದಿಂದ ನಡೆದುಕೊಳ್ಳುತ್ತೇವೆಂದು ಪ್ರತಿಜ್ಞೆ ಮಾಡಿದ ಮೇಲೆಯೇ ಪಾಠ ಶುರು. ಮಯ್ಯತ್ತಿಗೆ ಗೌರವ ಕೊಡಬೇಕೆಂದು ಮದ್ರಸದಲ್ಲಿ ಕಲಿತ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಮನೆಯವರಿಗೆ ಕಷ್ಟ. ಈ ಹುಡುಗಿ ಸೀನಿಯರ್ ಒಬ್ಬಳಿಂದ ಮೂಳೆಗಳ ಸೆಟ್ ಕೇಳಿ ತಂದ ದಿನ ಅವಳ ಅಜ್ಜಿ ಬಾಗಿಲಲ್ಲೇ ತಡೆದರಂತೆ. "ಯಾರ ಮಯ್ಯತ್ತೋ ಎಂತದೋ, ಅದು ಒಳಗೆ ಬಂದರೆ ನಾನು ಹೊರಗೆ." ಕೊನೆಗೆ ಅದನ್ನು ವಾಪಸ್ ಕೊಟ್ಟು ಪ್ಲಾಸ್ಟಿಕ್ ಮಾದರಿ ತಂದಳು. ಮನುಷ್ಯನ ದೇಹದಲ್ಲಿ 206 ಮೂಳೆ. ಒಂದೊಂದರ ಏಣು, ಗುಣಿ, ತೂತು, ಅದಕ್ಕೆ ಅಂಟಿಕೊಂಡ ಸ್ನಾಯು ಎಲ್ಲದಕ್ಕೂ ಹೆಸರುಂಟು, ಎಲ್ಲವೂ ಬಾಯಿಗೆ ಬರಬೇಕು.

ಒಂದು ದಿನದ ಲೆಕ್ಕ

ಹುಡುಗಿಯ ದಿನ ಶುರುವಾಗುವುದು ಬೆಳಿಗ್ಗೆ 5 ಗಂಟೆಗೆ. ಸುಬ್‌ಹಿ ನಮಾಝ್, ಒಂದು ಪುಟ ಕುರ್‌ಆನ್, ನಂತರ ಒಂದು ಗಂಟೆ ಓದು. "ಇದೇ ನನ್ನ ಒಳ್ಳೆಯ ಹೊತ್ತು ಉಸ್ತಾದ್. ಸಣ್ಣದಿರುವಾಗ ಮದ್ರಸಕ್ಕೆ ಬರಲಿಕ್ಕೆ ಎದ್ದು ಎದ್ದು ಅಭ್ಯಾಸವಾದದ್ದು ಈಗ ಉಪಕಾರಕ್ಕೆ ಬಂತು" ಎಂದಳು. ಏಳು ಗಂಟೆಗೆ ಮನೆ ಬಿಟ್ಟು ತೊಕ್ಕೊಟ್ಟಿನಲ್ಲಿ ಬಸ್ಸು ಬದಲಾಯಿಸಬೇಕು. ಎಂಟಕ್ಕೆ ಕ್ಲಾಸ್. ಒಂಬತ್ತರಿಂದ ಹನ್ನೆರಡರವರೆಗೆ ವಾರ್ಡ್. ಲುಹರ್ ನಮಾಝ್, ಬುತ್ತಿಯ ಊಟ. ಎರಡರಿಂದ ನಾಲ್ಕೂವರೆಯವರೆಗೆ ಮತ್ತೆ ಕ್ಲಾಸ್. ಅಸರ್ ಅಲ್ಲೇ ಮುಗಿಸಿ ಬಸ್ಸು ಹತ್ತಿದರೆ ಮನೆ ಸೇರುವಾಗ ಮಗ್ರಿಬ್ ಹತ್ತಿರ. ಸ್ವಲ್ಪ ಹೊತ್ತು ಎಂತದೂ ಮಾಡುವುದಿಲ್ಲ. ಇಶಾ ಕಳೆದು ಊಟ ಮಾಡಿ ಎಂಟೂವರೆಯಿಂದ ಹತ್ತೂವರೆಯವರೆಗೆ ಓದು. ಹನ್ನೊಂದರ ಒಳಗೆ ನಿದ್ದೆ.

ಲೆಕ್ಕ ಹಾಕಿದರೆ ಮನೆಯಲ್ಲಿ ಅವಳು ಓದುವುದು ಮೂರು ಗಂಟೆ. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಇದು ಏರುತ್ತದೆ. "ಇಷ್ಟೇಯಾ?" ಎಂದು ನಾನು ಕೇಳಿದೆ. ಅವಳು ನಕ್ಕಳು. "ಮೊದಲ ವರ್ಷ ಆರು ಗಂಟೆ ಓದುತ್ತಿದ್ದೆ. ಆಗಲೇ ಫೇಲಾದದ್ದು."

ಅನಾಟಮಿಯಲ್ಲಿ ಹೋದ ವಿಷಯ

ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು, ಸರಕಾರಿ ಕೋಟಾದಲ್ಲಿ ಸೀಟು ಪಡೆದ ಹುಡುಗಿ ಮೊದಲ ವರ್ಷ ಅನಾಟಮಿಯಲ್ಲಿ ಫೇಲ್. ಪಾಸಾಗಲು ನೂರಕ್ಕೆ ಐವತ್ತು ಬೇಕು, ಥಿಯರಿಯಲ್ಲಿ ಸ್ವಲ್ಪವೇ ಕಡಿಮೆ ಬಿತ್ತು. ಓದಿರಲಿಲ್ಲ ಎಂದಲ್ಲ. ಚೌರಾಸಿಯಾ ಅವರ ಅನಾಟಮಿ ಪುಸ್ತಕವನ್ನು ಮೂರು ಸಲ ಓದಿದ್ದಳು. ಬಣ್ಣದ ಪೆನ್ನಿನಿಂದ ಗೆರೆ ಎಳೆದೂ ಎಳೆದೂ "ಪುಸ್ತಕ ಇಡೀ ಹಳದಿಯಾಗಿತ್ತು. ಪರೀಕ್ಷೆಯಲ್ಲಿ ಪ್ರಶ್ನೆ ನೋಡಿದರೆ, ಇದು ಯಾವ ಪುಟದಲ್ಲಿ ಉಂಟು ಎಂದು ನೆನಪಾಗುತ್ತಿತ್ತು, ಆ ಪುಟದಲ್ಲಿ ಎಂತ ಉಂಟು ಎಂದು ನೆನಪಾಗುತ್ತಿರಲಿಲ್ಲ."

ಮನೆಯವರು ಯಾರಿಗೂ ಹೇಳಲಿಲ್ಲ. ಫ್ಲೆಕ್ಸ್ ಹಾಕಿದ ಊರಿಗೆ ಹೇಗೆ ಹೇಳುವುದು? ಹುಡುಗಿ ಮದುವೆ, ಮೌಲೂದು ಎಲ್ಲದಕ್ಕೂ ಹೋಗುವುದು ಬಿಟ್ಟಳು. ಆದರೂ ಸುದ್ದಿ ಹೊರಗೆ ಬಂತು. "ಹೆಣ್ಣು ಮಗುವಿಗೆ ಇಷ್ಟು ದೊಡ್ಡ ಓದು ಬೇಕಿತ್ತಾ? ಡಿಗ್ರಿ ಮಾಡಿಸಿದ್ದರೆ ಇಷ್ಟು ಹೊತ್ತಿಗೆ ಮದುವೆಯೂ ಆಗುತ್ತಿತ್ತು" ಎಂದು ಹೇಳಿದವರಿದ್ದಾರೆ. ಬೇರೆ ಯಾರೂ ಅಲ್ಲ, ಸನ್ಮಾನದ ದಿನ ಮುಂದಿನ ಸಾಲಿನಲ್ಲಿ ಕೂತವರೇ.

ಅವಳ ತಂದೆ ಧಕ್ಕೆಯಲ್ಲಿ ಮೀನಿನ ಲೋಡಿಂಗ್ ಕೆಲಸ ಮಾಡುವವರು. ಹೆಚ್ಚು ಮಾತಿಲ್ಲದ ಮನುಷ್ಯ. ಅಂದು ರಾತ್ರಿ ಮಗಳ ಹತ್ತಿರ ಕೂತು ಹೇಳಿದ್ದು ಇಷ್ಟೇ. "ಒಂದು ದಿನ ಮೀನು ಸಿಗುವುದಿಲ್ಲ ಮೋಳೆ. ಮರುದಿನ ಬೋಟು ಹೋಗುವುದಿಲ್ಲವಾ?"

ಉಮ್ಮನ ಹತ್ತಿರ ಪಾಠ ಒಪ್ಪಿಸಿದ್ದು

ಪೂರಕ ಪರೀಕ್ಷೆಗೆ ಕೆಲವೇ ವಾರ ಇತ್ತು. ಅವಳಿಗೆ ಟ್ಯೂಷನ್ ಇಲ್ಲ, ಜೊತೆಗೆ ಓದುವವರಿಲ್ಲ. ಗೆಳತಿಯರೆಲ್ಲ ಪಾಸಾಗಿದ್ದಾರೆ. ಒಂದು ಸಂಜೆ ಉಮ್ಮ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಇವಳು ಪುಸ್ತಕ ಮುಚ್ಚಿ ಅವರ ಎದುರು ಕೂತು, ಓದಿದ್ದನ್ನು ಬ್ಯಾರಿಯಲ್ಲೇ ಹೇಳಲು ಶುರು ಮಾಡಿದಳು. ಕುತ್ತಿಗೆಯಿಂದ ಕೈಗೆ ಹೋಗುವ ನರಗಳ ಒಂದು ಹೆಣಿಗೆ ಉಂಟು, ಬ್ರೇಕಿಯಲ್ ಪ್ಲೆಕ್ಸಸ್ ಎಂದು ಹೆಸರು. ಐದು ಬೇರು, ಅವು ಸೇರಿ ಮೂರು ಕಾಂಡ, ಕಾಂಡ ಒಡೆದು ಆರು ಕವಲು, ಮತ್ತೆ ಸೇರಿ ಮೂರು ಹುರಿ, ಕೊನೆಗೆ ಐದು ನರ. ಉಮ್ಮನ ಕೈಯಲ್ಲಿದ್ದ ಬೀಡಿ ನೂಲನ್ನೇ ತೆಗೆದು ಹೆಣೆದು ತೋರಿಸಿದಳು.

ಉಮ್ಮ ಕಲಿತದ್ದು ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅವರಿಗೆ ನರವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಆದರೆ ಮರುದಿನ ಮಗಳು ಅದನ್ನೇ ಪುನಃ ಹೇಳುವಾಗ ನಡುವೆ ತಡೆದಳು. ಉಮ್ಮ ಬೀಡಿಯಿಂದ ಕಣ್ಣೆತ್ತದೆ, "ನಿನ್ನೆ ಇಲ್ಲಿ ನಿಲ್ಲಲಿಲ್ಲ ನೀನು. ಐದು, ಮೂರು, ಆರು ಆಯಿತು. ಮುಂದೆ ಮೂರಲ್ಲವಾ?" ಎಂದರು.

ಇದನ್ನು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ. ಹಿಫ್ಝ್ ಮಾಡುವ ಮಕ್ಕಳನ್ನು ಕಂಡವರಿಗೆ ಗೊತ್ತು. ಕುರ್‌ಆನಿನ ಮೂವತ್ತು ಜುಝ್‌ಗಳನ್ನು ಎದೆಯಲ್ಲಿ ಇಟ್ಟುಕೊಳ್ಳುವ ಮಗು ಮುಸ್ಹಫ್ ನೋಡುತ್ತಾ ಕೂತರೆ ಹಾಫಿಝ್ ಆಗುವುದಿಲ್ಲ. ಮುಚ್ಚಿ, ಉಸ್ತಾದರ ಎದುರು ಕೂತು ಓದಿ ಒಪ್ಪಿಸಬೇಕು. ದಿನಕ್ಕೆ ಮೂರು ಭಾಗ. ಇವತ್ತಿನ ಹೊಸ ಪಾಠ, ಕಳೆದ ಕೆಲವು ದಿನಗಳ ಪಾಠ, ಮತ್ತೆ ತುಂಬಾ ಹಿಂದೆ ಕಲಿತದ್ದರಲ್ಲಿ ಒಂದಷ್ಟು. ಹೊಸ ಪಾಠ ತಪ್ಪಿದರೂ ಚಿಂತೆಯಿಲ್ಲ, ಹಳೆಯದು ತಪ್ಪಬಾರದು ಎನ್ನುತ್ತಾರೆ ಹಿಫ್ಝ್ ಉಸ್ತಾದರು. ಕುರ್‌ಆನ್ ಕಲಿತವನನ್ನು ನಮ್ಮ ಪ್ರವಾದಿಯವರು (ಸ.ಅ.) ಕಟ್ಟಿ ಹಾಕಿದ ಒಂಟೆಯ ಒಡೆಯನಿಗೆ ಹೋಲಿಸಿದ್ದಾರೆ. ನೋಡಿಕೊಳ್ಳುತ್ತಾ ಇದ್ದರೆ ಒಂಟೆ ಉಳಿಯುತ್ತದೆ, ಬಿಟ್ಟರೆ ಹೋಗುತ್ತದೆ.

ಈ ಹುಡುಗಿಯೂ ಹಾಗೆಯೇ ಮಾಡಿದಳು. ರಾತ್ರಿ ಹೊಸ ಪಾಠ. ಸುಬ್‌ಹಿಯ ನಂತರ ನಿನ್ನೆ ಮೊನ್ನೆಯದು. ಸಂಜೆ ಉಮ್ಮನ ಎದುರು ಹಳೆಯದು. ಪೂರಕ ಪರೀಕ್ಷೆಯಲ್ಲಿ ಪಾಸಾಗಿ ತನ್ನ ಬ್ಯಾಚಿನ ಜೊತೆಯಲ್ಲೇ ಮುಂದೆ ಹೋದಳು. ಆಮೇಲೆ ಇದುವರೆಗೆ ಯಾವ ವಿಷಯವೂ ಉಳಿದಿಲ್ಲ.

ಇದರ ಬಗ್ಗೆ ಸಂಶೋಧನೆ ಮಾಡಿದವರೂ ಇದ್ದಾರೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬವರು ತನ್ನ ಮೇಲೆಯೇ ಪ್ರಯೋಗ ಮಾಡಿ, ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂದು 1885ರಲ್ಲೇ ಬರೆದರು. ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ದಿನಗಳ ಅಂತರ ಬಿಟ್ಟು ಓದುವುದು, ಪುಸ್ತಕ ನೋಡುವುದಕ್ಕಿಂತ ನೋಡದೆ ನೆನಪಿನಿಂದ ಹೇಳುವುದು ಹೆಚ್ಚು ಉಳಿಯುತ್ತದೆ ಎಂಬುದು ಆಮೇಲಿನ ಪ್ರಯೋಗಗಳಲ್ಲೂ ಕಂಡಿದೆ. ಹಾಸ್ಟೆಲಿನ ಹುಡುಗ ಇದನ್ನೇ ಮೊಬೈಲಿನಲ್ಲಿ ಮಾಡುತ್ತಾನೆ. ಅಂಕಿ ಎಂಬ ಆ್ಯಪ್ ಉಂಟಂತೆ. ನಮ್ಮ ಕನ್ನಡದ ಅಂಕಿ ಅಲ್ಲ, ಜಪಾನಿ ಭಾಷೆಯಲ್ಲಿ ಕಂಠಪಾಠ ಎಂದು ಅರ್ಥ. ಪ್ರಶ್ನೆ ಬರುತ್ತದೆ, ಉತ್ತರ ಮನಸ್ಸಿನಲ್ಲೇ ಹೇಳಬೇಕು. ತಪ್ಪಿದರೆ ಅದು ಬೇಗ ಮತ್ತೆ ಬರುತ್ತದೆ, ಸರಿಯಾದರೆ ಕೆಲವು ದಿನ ಕಳೆದು ಬರುತ್ತದೆ. ಬಸ್ಸಿಗೆ, ಊಟಕ್ಕೆ ಕಾಯುವಾಗ ಹತ್ತು ಹತ್ತು ನಿಮಿಷ ಮಾಡಿದರೂ ದಿನಕ್ಕೆ ಒಂದು ಗಂಟೆ ಆಗುತ್ತದೆ ಎಂದ. ಆದ್ದರಿಂದ ಫೋನ್ ಹಿಡಿದ ಮಕ್ಕಳೆಲ್ಲ ರೀಲ್ಸ್ ನೋಡುತ್ತಾರೆ ಎಂದು ಬೈಯುವ ಮೊದಲು ಒಮ್ಮೆ ಹತ್ತಿರ ಹೋಗಿ ನೋಡುವುದು ಒಳ್ಳೆಯದು.

ಬಾಯಿಪಾಠ ಮಾತ್ರ ಸಾಲದು

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಡಾಕ್ಟರಿಗೆ ಬಾಯಿಪಾಠ ಬೇಕು, ಅಷ್ಟೇ ಸಾಲದು. ಮೌಖಿಕ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ "ಯಾಕೆ" ಎಂಬುದು. ಯಾಕೆ ಈ ರೋಗಿಯ ಕಾಲು ಊದಿತು? ಯಾಕೆ ಈ ಔಷಧ, ಯಾಕೆ ಅದಲ್ಲ?

ನಮ್ಮ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇಬ್ನು ನಫೀಸ್. 1213ರ ಹೊತ್ತಿಗೆ ಡಮಾಸ್ಕಸ್ ಕಡೆ ಹುಟ್ಟಿ, ಕೈರೋದಲ್ಲಿ ವೈದ್ಯರಾಗಿದ್ದು, 1288ರಲ್ಲಿ ತೀರಿಕೊಂಡವರು. ನಾವು ಬ್ಯಾರಿಗಳು ಅನುಸರಿಸುವ ಶಾಫಿಈ ಮದ್‌ಹಬ್‌ನ ವಿದ್ವಾಂಸರೂ ಹೌದು, ಕೈರೋದ ಮದ್ರಸವೊಂದರಲ್ಲಿ ಫಿಕ್ಹ್ ಕಲಿಸುತ್ತಿದ್ದರು. ಪುಸ್ತಕ ತೆರೆದು ನೋಡದೆ ನೆನಪಿನಿಂದಲೇ ಬರೆದುಕೊಂಡು ಹೋಗುತ್ತಿದ್ದರೆಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಇಬ್ನು ಸೀನಾರ ಕಾನೂನ್ ಗ್ರಂಥವನ್ನು ಅಷ್ಟು ಚೆನ್ನಾಗಿ ಬಲ್ಲವರು. ಆದರೂ, ಹೃದಯದ ಬಲ ಕೋಣೆಯಿಂದ ಎಡ ಕೋಣೆಗೆ ನಡುವಿನ ಗೋಡೆಯ ಮೂಲಕ ರಕ್ತ ಹೋಗುತ್ತದೆ ಎಂಬ ಹಳೆಯ ಮಾತನ್ನು ಅವರು ಒಪ್ಪಲಿಲ್ಲ. ಆ ಗೋಡೆಯಲ್ಲಿ ದಾರಿ ಇಲ್ಲ, ರಕ್ತ ಶ್ವಾಸಕೋಶಕ್ಕೆ ಹೋಗಿ ಅಲ್ಲಿಂದ ಎಡಕ್ಕೆ ಬರುತ್ತದೆ ಎಂದು ಬರೆದರು. ರಕ್ತ ಸಂಚಾರದ ಬಗ್ಗೆ ಇಂಗ್ಲೆಂಡಿನ ವಿಲಿಯಂ ಹಾರ್ವೆಯ ಗ್ರಂಥ ಬಂದದ್ದು 1628ರಲ್ಲಿ, ಅಂದರೆ ಮುನ್ನೂರು ವರ್ಷಕ್ಕೂ ಹೆಚ್ಚು ಕಳೆದು. ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಪ್ರಶ್ನಿಸುವ ಧೈರ್ಯವೂ ಅವರಿಗಿತ್ತು. ಮೆಡಿಕಲ್ ಓದುವ ನಮ್ಮ ಮಕ್ಕಳಿಗೆ ಇವರ ಹೆಸರು ಗೊತ್ತಿರಬೇಕು.

ನಿದ್ದೆಗೆಡುವುದು ದೊಡ್ಡಸ್ತಿಕೆಯಲ್ಲ

"ನನ್ನ ಮಗ ರಾತ್ರಿಯಿಡೀ ಓದುತ್ತಾನೆ" ಎಂದು ಹೆಮ್ಮೆಯಿಂದ ಹೇಳುವ ತಂದೆಯರಿದ್ದಾರೆ. ಹಾಸ್ಟೆಲಿನ ಈ ಹುಡುಗನ ತಂದೆಯೂ ಹಾಗೆಯೇ ಹೇಳುತ್ತಿದ್ದರು. ಅವನು ಒಂದು ಪರೀಕ್ಷೆಯ ಹಿಂದಿನ ಎರಡು ರಾತ್ರಿ ಕಾಫಿ ಕುಡಿದು ನಿದ್ದೆಗೆಟ್ಟು, ಪರೀಕ್ಷೆಯ ಹಾಲ್‌ನಲ್ಲಿ ಗೊತ್ತಿದ್ದ ಉತ್ತರವನ್ನೂ ಮರೆತವನು. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ ಎಂದು ವಿಜ್ಞಾನ ಹೇಳುತ್ತದೆ. ಇಶಾ ಕಳೆದ ಮೇಲೆ ಸುಮ್ಮನೆ ಮಾತಾಡುತ್ತಾ ಕೂರುವುದನ್ನು ಪ್ರವಾದಿಯವರು (ಸ.ಅ.) ಇಷ್ಟಪಡುತ್ತಿರಲಿಲ್ಲ. ಮಧ್ಯಾಹ್ನದ ಸಣ್ಣ ನಿದ್ದೆ ನಮ್ಮಲ್ಲಿ ಸುನ್ನತ್. ಇಂಟರ್ನ್‌ಶಿಪ್‌ನಲ್ಲಿ ರಾತ್ರಿ ಡ್ಯೂಟಿ ಹೇಗೂ ಬರಲಿಕ್ಕುಂಟು, ಈಗಲೇ ಶರೀರ ಕೆಡಿಸಿಕೊಳ್ಳುವುದು ಬೇಡ.

ಈ ಮಕ್ಕಳು ಫೋನಿನಲ್ಲಿ ಉಸ್ತಾದರ ಹತ್ತಿರ ಕೇಳುವ ಪ್ರಶ್ನೆಗಳೂ ಉಂಟು. ಬೇರೆ ಲಿಂಗದ ರೋಗಿಯನ್ನು ಪರೀಕ್ಷೆ ಮಾಡಿದರೆ ವುಳೂ ಮುರಿಯುತ್ತದಾ? ನಮ್ಮ ಮದ್‌ಹಬ್‌ನಲ್ಲಿ ಚರ್ಮಕ್ಕೆ ಚರ್ಮ ತಾಗಿದರೆ ಮುರಿಯುತ್ತದೆ, ನಡುವೆ ಗ್ಲೌಸ್ ಇದ್ದರೆ ಇಲ್ಲ. ಏಪ್ರನ್‌ಗೆ ರಕ್ತವಾದರೆ ನಮಾಝ್‌ಗೆ ಅದನ್ನು ಬಿಚ್ಚಿಡಿ. ನಮಾಝ್‌ನ ಹತ್ತು ನಿಮಿಷದಿಂದ ಓದು ಹಾಳಾಗುವುದಿಲ್ಲ, ಅದೇ ತಲೆಗೆ ಸಿಗುವ ವಿಶ್ರಾಂತಿ ಎಂದು ಇಬ್ಬರೂ ಹೇಳಿದರು.

ವಾರ್ಡಿನಲ್ಲಿ ಬ್ಯಾರಿ ಭಾಷೆ

ಎರಡನೇ ವರ್ಷದಿಂದ ವಾರ್ಡಿಗೆ ಹೋಗಿ ರೋಗಿಯ ಹತ್ತಿರ ಕೂತು ಕೇಳಿ ಬರೆಯಬೇಕು. ಎಂದಿನಿಂದ ನೋವು, ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಊಟ ಮಾಡಿದರೆ ಹೆಚ್ಚಾಗುತ್ತದಾ ಕಡಿಮೆಯಾಗುತ್ತದಾ. ನಮ್ಮ ಕಡೆಯ ಆಸ್ಪತ್ರೆಯಲ್ಲಿ ಒಂದು ಮಂಚದಲ್ಲಿ ತುಳು, ಇನ್ನೊಂದರಲ್ಲಿ ಕೊಂಕಣಿ, ಮತ್ತೊಂದರಲ್ಲಿ ಕಾಸರಗೋಡಿನ ಮಲಯಾಳ. ಹೊರ ರಾಜ್ಯದಿಂದ ಬಂದ ವಿದ್ಯಾರ್ಥಿಗಳು ಕಷ್ಟಪಡುತ್ತಾರೆ. ನಮ್ಮ ಪ್ರಾಯದ ಉಮ್ಮಂದಿರು ಎಂತ ಕೇಳಿದರೂ "ಸುಖ ಇಲ್ಲ" ಎಂದಷ್ಟೇ ಹೇಳಿ ಮುಸುಕು ಎಳೆದುಕೊಳ್ಳುವವರು. ಈ ಹುಡುಗಿ ಬ್ಯಾರಿಯಲ್ಲಿ ಮಾತಾಡಿಸಿದ ಕೂಡಲೇ ಒಬ್ಬರು ಕೈ ಹಿಡಿದುಕೊಂಡು, ಮಗನಿಗೂ ಹೇಳದ ರಕ್ತಸ್ರಾವದ ವಿಷಯ ಹೇಳಿದರಂತೆ. ಅಂದು ದೊಡ್ಡ ಡಾಕ್ಟರ್ ಅವಳ ಬರಹವನ್ನು ಎಲ್ಲರೆದುರು ಓದಿಸಿದರು. ಮನೆಯಲ್ಲಿ ಮಾತಾಡುವ ಭಾಷೆಯೂ ಒಂದು ವಿದ್ಯೆ ಎಂದು ಆ ದಿನ ಅವಳಿಗೆ ಗೊತ್ತಾಯಿತು.

ಓದು ಮನೆಯೊಳಗೂ ಬರುತ್ತದೆ. ಹೊಗೆಸೊಪ್ಪಿನ ಧೂಳು ಶ್ವಾಸಕೋಶಕ್ಕೆ ಎಂತ ಮಾಡುತ್ತದೆ ಎಂದು ಈ ವರ್ಷ ಪಾಠ ಬಂತು. ತನ್ನ ಬಸ್ಸಿನ ದುಡ್ಡು ಬರುವುದು ಅದೇ ಹೊಗೆಸೊಪ್ಪಿನಿಂದ. ಉಮ್ಮನಿಗೆ ಬಿಡಲು ಹೇಳುವ ಸ್ಥಿತಿ ಇಲ್ಲ. ಕಿಟಕಿಯ ಹತ್ತಿರ ಕೂರಿಸಿ, ಮೂಗಿಗೆ ಬಟ್ಟೆ ಕಟ್ಟಿಸಿ, ಕೆಮ್ಮಿಗೆ ಒಮ್ಮೆ ಎದೆಯ ಎಕ್ಸ್‌ರೇ ತೆಗೆಸಿದ್ದಾಳೆ. ಏನೂ ತೊಂದರೆ ಕಾಣಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ನಾವು ಎಂತ ಮಾಡಬಹುದು?

ತಂದೆ ತಾಯಿಯರಲ್ಲಿ ನನ್ನ ವಿನಂತಿ. ನೀವು ಓದದಿದ್ದರೂ ಮಗುವಿನ ಪಾಠ ಕೇಳಬಹುದು. ದಿನಕ್ಕೆ ಅರ್ಧ ಗಂಟೆ ಎದುರು ಕೂತು "ಇವತ್ತು ಎಂತ ಕಲಿತೆ, ಹೇಳು" ಎನ್ನಿ. ಅಂಕ ಎಷ್ಟು, ಅವರ ಮಗನಿಗೆ ಎಷ್ಟು ಎಂಬ ಪ್ರಶ್ನೆ ಬಿಡಿ. ಫೇಲಾದರೆ ಮುಚ್ಚಿಡಬೇಡಿ, ಬೈಯಬೇಡಿ. ಊಟ ಬಿಟ್ಟು, ನಿದ್ದೆ ಬಿಟ್ಟು, ಮಾತು ಬಿಟ್ಟು ಮಗು ಕೋಣೆ ಸೇರಿದರೆ ಸೋಮಾರಿತನ ಎಂದು ತಿಳಿಯಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ, ದುಡ್ಡು ಬೇಡ. ದುಆ ಮಾಡುವುದರ ಜೊತೆಗೆ ಇದನ್ನೂ ಮಾಡಬೇಕು.

ಫೀಸಿನ ಕಷ್ಟ ಇರುವವರು ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲದ ಬಗ್ಗೆ ನಿಗಮದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು. ಜಮಾಅತ್‌ನವರು ಮೊದಲ ವರ್ಷ ಕೊಟ್ಟ ಚೆಕ್ಕಿಗೆ ನಿಲ್ಲಿಸದೆ, ಎರಡನೇ, ಮೂರನೇ ವರ್ಷವೂ ಒಮ್ಮೆ ಮನೆಗೆ ಹೋಗಿ ವಿಚಾರಿಸಬೇಕು. ಪುಸ್ತಕಕ್ಕೆ, ಬಸ್ಸಿಗೆ ಆಗುವ ಖರ್ಚು ಐದೂವರೆ ವರ್ಷವೂ ಉಂಟು.

ಕಮಿಟಿಯವರಲ್ಲಿ ಇನ್ನೊಂದು ಮಾತು. ನಮ್ಮ ಮದ್ರಸ ಕಟ್ಟಡಗಳು ಬೆಳಿಗ್ಗೆ ಎರಡು ಗಂಟೆ, ಸಂಜೆ ಸ್ವಲ್ಪ ಹೊತ್ತು ಬಿಟ್ಟರೆ ಉಳಿದ ಹೊತ್ತು ಬೀಗ ಹಾಕಿಕೊಂಡೇ ಇರುತ್ತವೆ. ಬೆಂಚು ಉಂಟು, ಫ್ಯಾನ್ ಉಂಟು, ಲೈಟ್ ಉಂಟು. ಎರಡು ಕೋಣೆಯ ಮನೆಯಲ್ಲಿ ಏಳು ಜನರ ನಡುವೆ ಕೂತು ಓದುವ ಮಕ್ಕಳು ಅದೇ ಗಲ್ಲಿಯಲ್ಲಿದ್ದಾರೆ. ಇಶಾ ಕಳೆದು ಹತ್ತೂವರೆಯವರೆಗೆ ಒಂದು ಕೋಣೆ ಗಂಡು ಮಕ್ಕಳಿಗೆ, ಮಗ್ರಿಬ್‌ಗೆ ಮೊದಲು ಒಂದು ಗಂಟೆ ಹೆಣ್ಣು ಮಕ್ಕಳಿಗೆ ತೆರೆದಿಟ್ಟರೆ ಖರ್ಚು ಕರೆಂಟ್ ಬಿಲ್ ಮಾತ್ರ. ಬೀಗ ತೆಗೆಯುವ, ಹಾಕುವ ಕೆಲಸಕ್ಕೆ ಉಸ್ತಾದರುಗಳು ತಯಾರಿದ್ದೇವೆ. ಮುಂದಿನ ಕಮಿಟಿ ಮೀಟಿಂಗ್‌ನಲ್ಲಿ ಇದನ್ನು ಒಂದು ವಿಷಯವಾಗಿ ಇಡಿ.